ಹೆಚ್‌ಬಿ ಏಳೂವರೆ ಬಂದಿದೆ, ರಕ್ತ ಹಾಕೋದಾ?

ಐಸಿಯುನಿಂದ ರಾತ್ರಿ ಬರುವ ಫೋನ್‌ಗಳಲ್ಲಿ ಇದು ಮಾಮೂಲು. "ಸರ್, ಹೆಚ್‌ಬಿ ಏಳೂವರೆ ಬಂದಿದೆ. ಒಂದು ಪ್ಯಾಕ್ಡ್ ಸೆಲ್ ಹಾಕ್ಲಾ?" ಡ್ಯೂಟಿ ಡಾಕ್ಟರ್ ಕೇಳುತ್ತಾರೆ. ಹೆಚ್‌ಬಿ ಅಂದರೆ ಹಿಮೋಗ್ಲೋಬಿನ್, ನೂರು ಎಂಎಲ್ ರಕ್ತದಲ್ಲಿ ಎಷ್ಟು ಗ್ರಾಂ ಎಂಬ ಲೆಕ್ಕ. ಪ್ಯಾಕ್ಡ್ ಸೆಲ್ ಅಂದರೆ ಕೆಂಪು ಕಣಗಳ ಬ್ಯಾಗ್. ನಾನು ತಿರುಗಿ ಕೇಳುವುದು ಮೂರೇ. ನಿನ್ನೆ ಎಷ್ಟಿತ್ತು? ಎಲ್ಲಿಂದಾದರೂ ರಕ್ತ ಹೋಗ್ತಿದೆಯಾ? ಸ್ಯಾಂಪಲ್ ಯಾವ ಕೈಯಿಂದ ತೆಗೆದ್ರಿ? ಮೂರನೆಯದಕ್ಕೆ ಕೆಲವರು ನಗುತ್ತಾರೆ. ಡ್ರಿಪ್ ಓಡುತ್ತಿರುವ ಕೈಯಿಂದಲೇ ರಕ್ತ ಎಳೆದರೆ ಸಲೈನ್ ಬೆರೆತು ಹೆಚ್‌ಬಿ ಸುಮ್ನೆ ಕಮ್ಮಿ ತೋರಿಸುತ್ತದೆ. ಅದನ್ನು ನಂಬಿ ಬ್ಲಡ್ ಬ್ಯಾಂಕಿಗೆ ಓಡಿದವರನ್ನು ನೋಡಿದ್ದೇನೆ.

ಹಿಂದೆ ಲೆಕ್ಕ ಸುಲಭವಿತ್ತು. ಹೆಚ್‌ಬಿ 10ಕ್ಕಿಂತ ಕೆಳಗೆ ಬಂತಾ, ಹಾಕು. 1942ರಿಂದ ಬಂದ ರೂಢಿ ಅದು. ಅದನ್ನು ಅಲುಗಾಡಿಸಿದ್ದು 1999ರಲ್ಲಿ ಕೆನಡಾದವರು ಮಾಡಿದ ಟ್ರಿಕ್ ಅಧ್ಯಯನ. ಐಸಿಯುನ 838 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೆಚ್‌ಬಿ 7ಕ್ಕಿಂತ ಇಳಿದರೆ ಮಾತ್ರ ರಕ್ತ, ಇನ್ನೊಂದಕ್ಕೆ 10ಕ್ಕಿಂತ ಇಳಿದ ಕೂಡಲೇ. ಕಮ್ಮಿ ಹಾಕಿಸಿಕೊಂಡವರಲ್ಲಿ 30 ದಿನದೊಳಗೆ ತೀರಿಕೊಂಡವರು ಶೇ. 18.7, ಜಾಸ್ತಿ ಹಾಕಿಸಿಕೊಂಡವರಲ್ಲಿ ಶೇ. 23.3. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೆ ಜಾಸ್ತಿ ರಕ್ತ ಹಾಕಿ ಒಟ್ಟಾರೆ ಲಾಭ ಆಗಲಿಲ್ಲ ಅನ್ನುವುದಂತೂ ಗೊತ್ತಾಯಿತು. ಆಮೇಲೆ 7 ನಮ್ಮೆಲ್ಲರ ಗೆರೆ ಆಯಿತು. ನನ್ನ ತಕರಾರು ಇರುವುದು ಆ ಗೆರೆಯ ಬಗ್ಗೆ ಅಲ್ಲ. ರೋಗಿಯನ್ನು ಬಿಟ್ಟು ಗೆರೆಯನ್ನಷ್ಟೇ ನೋಡುವುದರ ಬಗ್ಗೆ.

ಒಬ್ಬ ಅಜ್ಜಿ ಮೂತ್ರದ ಸೋಂಕು ಜೋರಾಗಿ, ಬಿಪಿ ಬಿದ್ದು ನಮ್ಮಲ್ಲಿಗೆ ಬಂದಿದ್ದರು. ಬಂದಾಗ ಹೆಚ್‌ಬಿ 9.1. ಬಿಪಿ ಎತ್ತಲು ಸಲೈನ್ ಧಾರಾಳವಾಗಿ ಹೋಗಿತ್ತು. ಮರುದಿನ 7.4. ಮಗ ಗಾಬರಿಯಾಗಿದ್ದ. "ನಾಲ್ಕು ಜನ ಫ್ರೆಂಡ್ಸ್ ರೆಡಿ ಇದ್ದಾರೆ ಸರ್, ಎಷ್ಟು ಬಾಟ್ಲಿ ಬೇಕೋ ತಗೊಳ್ಳಿ. ಏಳು ಅಂದ್ರೆ ತುಂಬಾ ಕಮ್ಮಿ ಅಲ್ವಾ?"

ನಾನು ಅವನನ್ನು ಹಾಸಿಗೆ ಹತ್ತಿರ ಕರೆದೆ. ಅಜ್ಜಿಯ ಉಗುರು ಒತ್ತಿ ಬಿಟ್ಟೆ. ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಕೆಂಪಾಯಿತು. ಪಾದ ಬೆಚ್ಚಗಿತ್ತು. ಮೂತ್ರದ ಬ್ಯಾಗಿನಲ್ಲಿ ಗಂಟೆಗೆ ಐವತ್ತು ಎಂಎಲ್ ಇಳಿಯುತ್ತಿತ್ತು. ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ರಕ್ತದ ಲ್ಯಾಕ್ಟೇಟ್ ಹಿಂದಿನ ದಿನ 4 ದಾಟಿದ್ದು ಈಗ 2ರ ಹತ್ತಿರ. "ಸಾರಿಗೆ ನೀರು ಹುಯ್ದರೆ ತೆಳ್ಳಗಾಗುತ್ತೆ, ಹಾಕಿದ ಬೇಳೆ ಅಷ್ಟೇ ಇರುತ್ತೆ ಅಲ್ವಾ? ಅಮ್ಮನ ರಕ್ತ ಎಲ್ಲೂ ಹೋಗಿಲ್ಲಪ್ಪ. ಇವತ್ತು ಬೇಡ, ನಾಳೆ ಬೆಳಿಗ್ಗೆ ನೋಡೋಣ" ಅಂದೆ. ಜಾಸ್ತಿಯಾದ ನೀರು ಮೂತ್ರದಲ್ಲಿ ಹೋದಮೇಲೆ ಹೆಚ್‌ಬಿ ತಾನಾಗಿ 8ಕ್ಕೆ ಬಂತು. ಸೆಪ್ಟಿಕ್ ಶಾಕ್, ಅಂದರೆ ಹೀಗೆ ಸೋಂಕಿನಿಂದ ಬಿಪಿ ಕುಸಿದವರಿಗೂ 7ರವರೆಗೆ ಕಾಯಬಹುದು ಎಂದು 2014ರಲ್ಲಿ ಯುರೋಪಿನ ಟ್ರಿಸ್ ಅಧ್ಯಯನ ತೋರಿಸಿತ್ತು. ಅದು ಮಗನಿಗೆ ಬೇಕಿರಲಿಲ್ಲ, ಉಗುರು ನೋಡಿಯೇ ಸಮಾಧಾನ ಆಯಿತು.

ರಕ್ತ ಸುರಿಯುತ್ತಿರುವಾಗ ಮಾತೇ ಬೇರೆ. ಲಿವರ್ ಕೆಟ್ಟವರೊಬ್ಬರು ರಕ್ತ ವಾಂತಿ ಮಾಡುತ್ತಾ ಬರುತ್ತಾರೆ. ಪಲ್ಸ್ 130, ಬಿಪಿ 80, ಹೆಚ್‌ಬಿ ಮಾತ್ರ 10.8. ಆ 10.8 ಪೂರಾ ಸುಳ್ಳು. ಕೆಂಪು ಕಣ, ನೀರು ಎರಡೂ ಒಟ್ಟಿಗೇ ಹೋಗಿರುವುದರಿಂದ ಇನ್ನೂ ತೆಳ್ಳಗಾಗಿಲ್ಲ, ಅಷ್ಟೇ. ಇಂಥವರಿಗೆ ನಾನು 7 ಬರಲಿ ಎಂದು ಕಾಯುವುದಿಲ್ಲ. ರಕ್ತ ಹೊಂದುತ್ತದಾ ಎಂದು ನೋಡುವ ಕ್ರಾಸ್ ಮ್ಯಾಚ್‌ಗೆ ಕಳಿಸಿ, ಪ್ಯಾಕ್ಡ್ ಸೆಲ್ ಜೊತೆಗೇ ಪ್ಲಾಸ್ಮಾ, ಪ್ಲೇಟ್‌ಲೆಟ್ ಕೂಡ ಹೇಳಿಬಿಡುತ್ತೇನೆ. ಬರೀ ಕೆಂಪು ಕಣ ತುಂಬಿಸಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಇನ್ನೂ ಕುಸಿಯುತ್ತದೆ. ಕ್ಯಾಲ್ಸಿಯಂ ಕೂಡ ನೋಡಿಕೊಳ್ಳಬೇಕು. ಆದರೆ ಸ್ಕೋಪ್ (ಎಂಡೋಸ್ಕೋಪಿ) ಹಾಕಿ ರಕ್ತ ನಿಂತಮೇಲೆ ಕೈ ಬಿಗಿ ಹಿಡಿಯುತ್ತೇನೆ. ಜಾಸ್ತಿ ರಕ್ತ ಹಾಕಿ ಲಿವರ್‌ಗೆ ಹೋಗುವ ಪೋರ್ಟಲ್ ನಾಳದಲ್ಲಿ ಒತ್ತಡ ಏರಿದರೆ, ಉಬ್ಬಿದ ರಕ್ತನಾಳ ಮತ್ತೆ ಒಡೆಯುತ್ತದೆ. 2013ರ ಬಾರ್ಸಿಲೋನಾ ಅಧ್ಯಯನದಲ್ಲಿ 7ರ ಗೆರೆ ಇಟ್ಟವರಲ್ಲಿ ಆರು ವಾರದ ಹೊತ್ತಿಗೆ ಶೇ. 95 ಜನ ಬದುಕಿದ್ದರು, 9ರ ಗೆರೆಯವರಲ್ಲಿ ಶೇ. 91.

ಹಾರ್ಟ್ ಅಟ್ಯಾಕ್ ಆದವರಿಗೆ ನಾನು 7ರವರೆಗೆ ಬಿಡುವುದಿಲ್ಲ. 2023ರ ಮಿಂಟ್ ಅಧ್ಯಯನದಲ್ಲಿ ಕಮ್ಮಿ ರಕ್ತ ಹಾಕಿದವರಲ್ಲಿ ಸಾವು ಅಥವಾ ಮತ್ತೊಂದು ಅಟ್ಯಾಕ್ ಶೇ. 16.9, ಜಾಸ್ತಿ ಹಾಕಿದವರಲ್ಲಿ ಶೇ. 14.5. ಇದೂ ಖಚಿತ ಪುರಾವೆ ಅಲ್ಲ ಎಂದು ವಾದಿಸುವವರಿದ್ದಾರೆ, ಸರಿಯೇ. ಆದರೂ ಎದೆನೋವು ಇದ್ದು ಇಸಿಜಿ ಬದಲಾಗುತ್ತಿದ್ದರೆ ನಾನು 10ರ ಹತ್ತಿರ ಇಡಲು ನೋಡುತ್ತೇನೆ. ತಲೆಗೆ ಪೆಟ್ಟಾಗಿ ಎಚ್ಚರ ಇಲ್ಲದವರಿಗೂ 2024ರ ಅಧ್ಯಯನಗಳ ನಂತರ ಗೆರೆಯನ್ನು 9ರ ಕಡೆಗೆ ಸರಿಸಿದ್ದೇನೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಎಷ್ಟೋ ಹೆಂಗಸರಿಗೆ ವರ್ಷಗಟ್ಟಲೆಯಿಂದ ಹೆಚ್‌ಬಿ ಇರುವುದೇ ಎಂಟು. ಅದರಲ್ಲೇ ಗದ್ದೆ ಕೆಲಸ, ಮನೆ ಕೆಲಸ ಎಲ್ಲ ನಡೆದಿರುತ್ತದೆ. ದೇಹ ಒಗ್ಗಿಹೋಗಿದೆ. ನಾಲ್ಕು, ನಾಲ್ಕೂವರೆ ಇಟ್ಟುಕೊಂಡು ನಡೆದೇ ಬರುವವರೂ ಇದ್ದಾರೆ. ಅವರಿಗೆ ರಕ್ತ ಬೇಕು, ನಿಜ. ಆದರೆ ಗಡಿಬಿಡಿಯಲ್ಲಿ ಎರಡು ಮೂರು ಬ್ಯಾಗ್ ಏರಿಸಿದರೆ ಮೊದಲೇ ದಣಿದ ಹೃದಯಕ್ಕೆ ಅದು ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಾನು ಒಂದೇ ಬ್ಯಾಗ್ ಹೇಳುತ್ತೇನೆ, ನಿಧಾನಕ್ಕೆ, ನಾಲ್ಕು ಗಂಟೆ ಮೀರದಂತೆ. ಬೇಕಾದರೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಜೊತೆಗೆ.

ಒಂದೇ ಬ್ಯಾಗ್ ಅನ್ನುವುದು ರಕ್ತ ಹೋಗುತ್ತಿಲ್ಲದ ಎಲ್ಲರಿಗೂ ನನ್ನ ಪದ್ಧತಿ. ಒಂದು ಬ್ಯಾಗಿಗೆ ಹೆಚ್‌ಬಿ ಸುಮಾರು 1 ಗ್ರಾಂ ಏರುತ್ತದೆ. ಏರಿದ್ದು ಸಾಕಾ ಎಂದು ರೋಗಿಯನ್ನು ನೋಡಿಯೇ ಎರಡನೆಯದು. ಬ್ಯಾಗ್ ಬಂದಾಗ ಹಾಸಿಗೆ ಪಕ್ಕದಲ್ಲೇ ಸಿಸ್ಟರ್ ಮತ್ತು ಡಾಕ್ಟರ್ ಇಬ್ಬರೂ ಹೆಸರು, ಐಪಿ ನಂಬರ್, ಗ್ರೂಪ್, ಎಕ್ಸ್‌ಪೈರಿ ಗಟ್ಟಿಯಾಗಿ ಓದಬೇಕು. ಮೊದಲ ಹದಿನೈದು ನಿಮಿಷ ಯಾರಾದರೂ ಅಲ್ಲೇ ನಿಲ್ಲಬೇಕು. ಚಳಿ ನಡುಕ, ಸೊಂಟ ನೋವು, ಉಸಿರಾಟದ ತೊಂದರೆ ಶುರುವಾದರೆ ಮೊದಲು ರಕ್ತ ನಿಲ್ಲಿಸಿ, ಫೋನ್ ಆಮೇಲೆ ಮಾಡಿ ಎಂದು ಹೊಸಬರಿಗೆ ಹೇಳಿಟ್ಟಿದ್ದೇನೆ.

ಇನ್ನೊಂದು. ದಿನಾ ಬೆಳಿಗ್ಗೆ ಎಲ್ಲರಿಗೂ ಎಲ್ಲ ಟೆಸ್ಟ್ ಬರೆಯುವ ಚಾಳಿ ನಮ್ಮಲ್ಲಿ ಜೋರು. ಟೆಸ್ಟಿಗೆ ಎಳೆದ ರಕ್ತವೂ ರಕ್ತವೇ, ವಾರದ ಲೆಕ್ಕ ಹಾಕಿದರೆ ಸಣ್ಣದಲ್ಲ. ಈಗ ನಮ್ಮಲ್ಲಿ ಮಕ್ಕಳ ಸಣ್ಣ ಟ್ಯೂಬ್ ಬಳಸುತ್ತೇವೆ. ಈ ಟೆಸ್ಟ್ ಇವತ್ತು ಯಾಕೆ ಎಂದು ರೌಂಡ್ಸ್‌ನಲ್ಲಿ ಕೇಳುತ್ತೇನೆ. ಉತ್ತರ ಇಲ್ಲದಿದ್ದರೆ ಗೆರೆ ಎಳೆದು ಹೊಡೆದುಹಾಕುತ್ತೇನೆ.