ಟಿಪಿಎಂ ಬದಲಿಸಿದ ಮೇಲೆ ಸರ್ವರ್ ಪ್ರತಿ ಸಲ ರಿಕವರಿ ಕೀ ಕೇಳುತ್ತಿದ್ದರೆ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಆಫೀಸೊಂದರ ವಿಂಡೋಸ್ ಸರ್ವರ್. ಮದರ್‌ಬೋರ್ಡ್, ಟಿಪಿಎಂ 2.0 ಮಾಡ್ಯೂಲ್ (ಎನ್‌ಕ್ರಿಪ್ಶನ್ ಕೀ ಕಾಯುವ ಭದ್ರತಾ ಚಿಪ್) ಎರಡೂ ಹೊಸದಾದ ಮೇಲೆ ಪ್ರತಿ ರೀಸ್ಟಾರ್ಟ್‌ಗೂ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) 48 ಅಂಕಿಯ ರಿಕವರಿ ಕೀ ಕೇಳುತ್ತಿತ್ತು.

ಟಿಪಿಎಂ ಕ್ಲಿಯರ್ ಮಾಡಿದರೂ, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವ ಬೂಟ್ ಸಾಫ್ಟ್‌ವೇರನ್ನಷ್ಟೇ ಓಡಬಿಡುವ ಸೆಟ್ಟಿಂಗ್) ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ. ಹಳೇ ಮಾಡ್ಯೂಲ್ ಹಾಕೋಣವೆಂದರೆ, ಈ ಮಾದರಿಯಲ್ಲಿ ಅದು ಮೊದಲು ಕೂತ ಬೋರ್ಡಿಗಷ್ಟೇ ಬದ್ಧ.

ಡಿಸ್ಕಿನ ಕೀ ಹಳೇ ಚಿಪ್ಪಿಗೇ ಸೀಲ್ ಆಗಿರುತ್ತದೆ. ಹೊಸ ಚಿಪ್ ಅದನ್ನು ಬಿಚ್ಚಲಾರದು. ಆದ್ದರಿಂದ ಮೊದಲು ಬಯೋಸ್‌ನಲ್ಲಿ ಟಿಪಿಎಂ ಆನ್, ಹ್ಯಾಶ್ ಎಸ್‌ಎಚ್‌ಎ256, ಸೆಕ್ಯೂರ್ ಬೂಟ್ ಆನ್. ಇದನ್ನು ಮುಗಿಸಿಯೇ ಮುಂದೆ ಹೋಗಿ, ಆಮೇಲೆ ಬದಲಿಸಿದರೆ ಮತ್ತೆ ಕೀ ಕೇಳೀತು. ರಿಕವರಿ ಕೀ ಕೊಟ್ಟು ಒಳಹೊಕ್ಕು, ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮ್ಯಾನೇಜ್-ಬಿಡಿಇ ಕಮಾಂಡಿನ ಪ್ರೊಟೆಕ್ಟರ್ಸ್ (ಡಿಸ್ಕಿನ ಕೀ ಕಾಯುವ ಬೀಗಗಳು) ಆಯ್ಕೆ ಬಳಸಿ ಸಿ ಡ್ರೈವ್‌ಗೆ ಡಿಸೇಬಲ್ ಕೊಡಿ. ನಂತರ ಟಿಪಿಎಂ ಪ್ರೊಟೆಕ್ಟರ್ ಡಿಲೀಟ್, ಅದನ್ನೇ ಹೊಸದಾಗಿ ಆಡ್, ಕೊನೆಗೆ ಎನೇಬಲ್. ಡಿಲೀಟ್ ಮಾಡುವಾಗ ಟೈಪ್ ಟಿಪಿಎಂ ಎಂದು ಕೊಡಲೇಬೇಕು, ಇಲ್ಲದಿದ್ದರೆ ರಿಕವರಿ ಪಾಸ್‌ವರ್ಡೂ ಅಳಿಸಿಹೋಗುತ್ತದೆ.