ತೆಗೆದು ಹಾಕುವ ಹಲ್ಲಿನ ಸೆಟ್: ಕಟ್ಟಿಸುವ ಮುನ್ನ, ಕಟ್ಟಿಸಿದ ಮೇಲೆ

‘ಮುದ್ದೆ ನುಂಗುವುದಕ್ಕೆ ಹಲ್ಲು ಯಾಕೆ ಬೇಕು?’ ಮಂಡ್ಯದ ನಮ್ಮ ಮನೆಯಲ್ಲಿ ಅಮ್ಮ ಈ ಮಾತು ಹೇಳಿಕೊಂಡೇ ಕೆಳದವಡೆಯ ಐದು ಹಲ್ಲುಗಳನ್ನು ಒಂದೊಂದಾಗಿ ಕೀಳಿಸಿಕೊಂಡು, ಆರು ವರ್ಷ ಹಾಗೆಯೇ ಇದ್ದುಬಿಟ್ಟರು. ಮುದ್ದೆಯೇನೋ ಸಾರಿನಲ್ಲಿ ಅದ್ದಿದರೆ ಇಳಿಯುತ್ತಿತ್ತು. ಆದರೆ ಬಸ್ಸಾರಿನ ಪಲ್ಯ, ಹುರುಳಿಕಾಳು, ಸೌತೆಕಾಯಿ ಒಂದೊಂದೇ ದೂರವಾದವು. ತಟ್ಟೆಯ ಅಂಚಿಗೆ ಸರಿಸಿದ ಅವರೆಕಾಳಿನ ಸಾಲು ನೋಡಿದ ದಿನ ನಾನು ಅವರನ್ನು ದಂತವೈದ್ಯರ ಬಳಿಗೆ ಕರೆದುಕೊಂಡು ಹೋದೆ.

ತಡ ಮಾಡಿದ್ದರ ಬೆಲೆ ಅಲ್ಲಿ ತಿಳಿಯಿತು. ಹಲ್ಲು ಹೋದ ಜಾಗ ಸುಮ್ಮನೆ ಖಾಲಿ ಇರುವುದಿಲ್ಲ. ಪಕ್ಕದ ಹಲ್ಲುಗಳು ಆ ಕಡೆಗೆ ವಾಲುತ್ತವೆ. ಎದುರು ದವಡೆಯ ಹಲ್ಲು ತಡೆಯಿಲ್ಲದೆ ನಿಧಾನವಾಗಿ ಹೊರಚಾಚುತ್ತದೆ. ಬೇರು ಕೂತಿದ್ದ ಮೂಳೆಯೂ ಸವೆಯುತ್ತದೆ, ಅದರಲ್ಲೂ ಮೊದಲ ವರ್ಷದಲ್ಲೇ ಹೆಚ್ಚು. ಅಮ್ಮನ ಮೇಲಿನ ಒಂದು ದವಡೆಹಲ್ಲು ಎಷ್ಟು ಕೆಳಗೆ ಇಳಿದಿತ್ತೆಂದರೆ, ಬಾಯಿ ಮುಚ್ಚಿದಾಗ ಅದಕ್ಕೂ ಕೆಳಗಿನ ವಸಡಿಗೂ ನಡುವೆ ಒಂದು ಭತ್ತದ ಕಾಳಿನಷ್ಟೇ ಅಂತರವಿತ್ತು. ಆ ಸಂದಿಯಲ್ಲಿ ಹೊಸ ಹಲ್ಲು ಹಿಡಿಸುವುದಾದರೂ ಹೇಗೆ? ಆ ಹಲ್ಲನ್ನು ಸ್ವಲ್ಪ ಉಜ್ಜಿ ಜಾಗ ಮಾಡಿಕೊಳ್ಳಬೇಕಾಯಿತು.

ನಾವು ‘ಸೆಟ್’ ಎಂದು ಕರೆಯುವ ಪಾರ್ಷಿಯಲ್ ಡೆಂಚರ್ ಎಂದರೆ, ಕೆಲವು ಹಲ್ಲುಗಳು ಹೋಗಿ ಕೆಲವು ಉಳಿದವರಿಗೆ ಮಾಡುವ, ತೆಗೆದು ಹಾಕಬಹುದಾದ ಹಲ್ಲಿನ ಸಾಲು. ವಸಡಿನ ಮೇಲೆ ಕೂರುವ ತಳ, ಅದರ ಮೇಲೆ ಕೃತಕ ಹಲ್ಲುಗಳು, ಉಳಿದ ಹಲ್ಲುಗಳನ್ನು ತಬ್ಬಿ ಹಿಡಿಯುವ ಕೊಕ್ಕೆಗಳು: ಇಷ್ಟೇ ಅದರ ರಚನೆ. ಈ ಕೊಕ್ಕೆಗಳ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸೆಟ್ ನಿಮ್ಮ ಬಾಯಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಹೊಸ ಹಲ್ಲುಗಳಲ್ಲ, ಆ ಕೊಕ್ಕೆಗೆ ಹೆಗಲು ಕೊಟ್ಟ ನಿಮ್ಮ ಹಳೆಯ ಹಲ್ಲುಗಳು.

ಮೊದಲ ಹೆಜ್ಜೆ: ಉಳಿದದ್ದನ್ನು ಸರಿಮಾಡಿಸಿ

ಮೊದಲ ಭೇಟಿಯಲ್ಲೇ ಅಚ್ಚು ತೆಗೆಯುವಂತೆ ಅವಸರಿಸಬೇಡಿ. ಎಕ್ಸ್‌ರೇ ತೆಗೆಸಿ, ಹಲ್ಲಿನ ಮೇಲೆ ಗಟ್ಟಿಯಾದ ಪಾಚಿಯನ್ನು ಸ್ವಚ್ಛ ಮಾಡಿಸಿ, ಹುಳುಕು ತುಂಬಿಸಿ. ಅಲುಗಾಡುವ ಹಲ್ಲು ನಿಲ್ಲುತ್ತದೋ ಇಲ್ಲವೋ ಎಂದು ಆಗಲೇ ತೀರ್ಮಾನವಾಗಲಿ. ಸೆಟ್ ಬಂದ ಮೂರು ತಿಂಗಳಿಗೆ ಇನ್ನೊಂದು ಹಲ್ಲು ಬಿದ್ದರೆ ಖರ್ಚೂ ಹೋಯಿತು, ಶ್ರಮವೂ ಹೋಯಿತು. ಹಲ್ಲು ಕೀಳಿಸಿದ್ದರೆ ಗಾಯ ಮಾಯ್ದು ವಸಡು ಒಂದು ಆಕಾರಕ್ಕೆ ಬರಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ದಿನವೇ ಹೇಳಿ.

ಎರಡನೆಯದು: ಯಾವ ಬಗೆ?

ಇಲ್ಲಿ ಸ್ವಲ್ಪ ನಿಧಾನಿಸಿ. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಸೆಟ್ ಎಲ್ಲಕ್ಕಿಂತ ಅಗ್ಗ, ಬೇಗ ತಯಾರಾಗುತ್ತದೆ. ಮುಂದೆ ಇನ್ನೊಂದು ಹಲ್ಲು ಹೋದರೆ ಅದರಲ್ಲೇ ಸೇರಿಸಿಕೊಳ್ಳಬಹುದು. ಆದರೆ ದಪ್ಪ, ಬಿದ್ದರೆ ಒಡೆಯುತ್ತದೆ, ಅಗಿಯುವ ಭಾರವೆಲ್ಲ ವಸಡಿನ ಮೇಲೆ ಬೀಳುತ್ತದೆ. ಕೋಬಾಲ್ಟ್ ಕ್ರೋಮಿಯಂ ಲೋಹದ ಎರಕದ ಸೆಟ್ ತೆಳು ಮತ್ತು ಗಟ್ಟಿ. ಅದರ ಪುಟ್ಟ ಲೋಹದ ಆನಿಕೆಗಳು ಹಲ್ಲಿನ ಮೇಲೆ ಕೂತು ಭಾರ ಹಂಚಿಕೊಳ್ಳುವುದರಿಂದ ವಸಡಿಗೆ ಹಗುರ. ಖರ್ಚು ಹೆಚ್ಚು, ಕೆಲವೊಮ್ಮೆ ಕೊಕ್ಕೆ ಕಣ್ಣಿಗೆ ಕಾಣುತ್ತದೆ. ನೈಲಾನ್ ಬಗೆಯ ಬಾಗುವ ಸೆಟ್‌ನಲ್ಲಿ ಲೋಹ ಕಾಣದು, ಆದ್ದರಿಂದ ಬೇಡಿಕೆ ಜಾಸ್ತಿ. ಆದರೆ ಅದನ್ನು ರಿಪೇರಿ ಮಾಡುವುದು, ಹಲ್ಲು ಸೇರಿಸುವುದು ಕಷ್ಟ. ಆಧಾರಕ್ಕೆ ಗಟ್ಟಿ ಹಲ್ಲುಗಳಿದ್ದು, ಹಣ ಹೊಂದುವುದಾದರೆ ನಾನು ಎರಕದ ಸೆಟ್ಟಿನ ಪರ.

ಸೇತುವೆಯಂತೆ ಕೂರಿಸುವ ಬ್ರಿಡ್ಜ್, ಮೂಳೆಗೆ ತಿರುಪು ಹಾಕುವ ಇಂಪ್ಲಾಂಟ್ ಕೂಡ ಇವೆ. ಬ್ರಿಡ್ಜ್‌ಗಾಗಿ ಅಕ್ಕಪಕ್ಕದ ಹಲ್ಲುಗಳನ್ನು ಅರೆಯಬೇಕು. ಇಂಪ್ಲಾಂಟ್‌ಗೆ ಸಾಕಷ್ಟು ಮೂಳೆ, ಹತೋಟಿಯಲ್ಲಿರುವ ಸಕ್ಕರೆ, ದೊಡ್ಡ ಮೊತ್ತ ಬೇಕು. ಹಲವು ಹಲ್ಲು ಹೋಗಿ, ಕೊನೆಯ ದವಡೆಹಲ್ಲೂ ಇಲ್ಲದವರಿಗೆ ಬ್ರಿಡ್ಜ್ ಕಟ್ಟಲು ಆಚೆ ದಡವೇ ಇರುವುದಿಲ್ಲ.

ಖರ್ಚಿನ ಚಿಂತೆ ಇರುವವರು ಹಲ್ಲಿನ ಆಸೆ ಬಿಡಬೇಕಿಲ್ಲ. ಮೈಸೂರಿನ ಜೆಎಸ್‌ಎಸ್, ಫಾರೂಕಿಯಾದಂಥ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕೃತಕ ದಂತ ವಿಭಾಗವೇ ಇರುತ್ತದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು. ಪಡಿತರ ಚೀಟಿ, ಆಧಾರ್ ಹಿಡಿದು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಈಗಿನ ನಿಯಮಗಳನ್ನು ವಿಚಾರಿಸಿ. ಸಂತೆಯ ಬದಿಯಲ್ಲಿ ಕೂತು ತಂತಿಯಿಂದ, ಅಂಟಿನಿಂದ ಅರ್ಧ ಗಂಟೆಯಲ್ಲಿ ಹಲ್ಲು ಕೂರಿಸುವವರ ಕೈಗೆ ಮಾತ್ರ ದಯವಿಟ್ಟು ಬಾಯಿ ಕೊಡಬೇಡಿ. ಆ ಅಂಟಿನ ಅಡಿಯಲ್ಲಿ ವಸಡು ಕೊಳೆತು, ಚೆನ್ನಾಗಿದ್ದ ಪಕ್ಕದ ಹಲ್ಲುಗಳೂ ಹೋಗುತ್ತವೆ.

ಮೂರನೆಯದು: ಅಳತೆ, ಬಣ್ಣ, ಮೇಣದ ಪರೀಕ್ಷೆ

ಅಚ್ಚು ತೆಗೆಯಲು ಬಾಯಿಗೆ ಇಡುವ ಆಲ್ಜಿನೇಟ್ ಸಮುದ್ರದ ಪಾಚಿಯಿಂದ ಬರುವ ವಸ್ತು. ಎರಡು ಮೂರು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ವಾಕರಿಕೆ ಬರುವವರು ಮುಂದಕ್ಕೆ ಬಾಗಿ, ಮೂಗಿನಿಂದ ಉಸಿರಾಡಿ. ಆಮೇಲೆ ಮೇಣ ಕಚ್ಚಿಸಿ ದವಡೆಗಳು ಕೂಡುವ ರೀತಿಯನ್ನು ನೋಡುತ್ತಾರೆ. ಬಣ್ಣವನ್ನು ಹಗಲಿನ ಬೆಳಕಿನಲ್ಲಿ ಆರಿಸಿ. ‘ತುಂಬಾ ಬಿಳಿ ಕೊಡಿ’ ಎಂದು ಕೇಳಿದರೆ ಪಕ್ಕದ ಹಲ್ಲಿನ ಎದುರು ಅದು ‘ನಾನು ಕಟ್ಟಿಸಿದ ಹಲ್ಲು’ ಎಂದು ಕೂಗಿ ಹೇಳುತ್ತದೆ. ಮುಂದಿನ ಹಲ್ಲಿನ ಸೆಟ್ ಆಗಿದ್ದರೆ ಮೇಣದಲ್ಲಿ ಕೂರಿಸಿ ತೋರಿಸುತ್ತಾರಲ್ಲ, ಆ ದಿನ ಮನೆಯ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಹಲ್ಲಿನ ಉದ್ದ, ಸಾಲು, ತುಟಿಯ ಆಸರೆ ಬದಲಿಸಲು ಅದೇ ಸಮಯ. ಮೇಣ ಹೋಗಿ ಅಕ್ರಿಲಿಕ್ ಬಂದ ಮೇಲೆ ಬದಲಾಯಿಸುವುದು ದುಸ್ತರ.

ನಾಲ್ಕನೆಯದು: ಮೊದಲ ಹದಿನೈದು ದಿನ

ಅಮ್ಮನ ಕಣ್ಣಲ್ಲಿ ನೀರು ಬಂದದ್ದು ಈ ದಿನಗಳಲ್ಲೇ. ಬಾಯಿ ತುಂಬಿದಂತಿದೆ, ಜೊಲ್ಲು ಉಕ್ಕುತ್ತಿದೆ, ಮಾತು ತೊದಲುತ್ತಿದೆ ಎಂದು ಎರಡನೆಯ ದಿನವೇ ಸೆಟ್ಟನ್ನು ಡಬ್ಬಿಗೆ ಹಾಕಿ ಕೂತರು. ಇವೆಲ್ಲ ಸಹಜ. ಬಾಯಿ ಅದನ್ನು ಹೊರಗಿನ ವಸ್ತು ಎಂದುಕೊಂಡು ಜೊಲ್ಲು ಸುರಿಸುತ್ತದೆ. ಕೆಲವು ದಿನಗಳಲ್ಲಿ ಒಪ್ಪಿಕೊಳ್ಳುತ್ತದೆ. ಮಾತಿಗೆ ನಾವು ಕಂಡುಕೊಂಡ ಮದ್ದು ಬೆಳಗಿನ ಪತ್ರಿಕೆ. ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟವನ್ನು ಅಮ್ಮ ದಿನವೂ ಗಟ್ಟಿಯಾಗಿ ಓದುತ್ತಿದ್ದರು: ಗರಿಷ್ಠ ಮಟ್ಟ 124.80 ಅಡಿ, ಒಳಹರಿವು, ಹೊರಹರಿವು. ‘ಶ್ರೀರಂಗಪಟ್ಟಣ’ ತಡವರಿಸದೆ ಬಂದ ದಿನ ಸ್ವತಃ ಅವರೇ ಕರೆದು ಕೇಳಿಸಿದರು.

ಊಟದಲ್ಲಿ ಮೊದಮೊದಲು ಮೆತ್ತಗಿನ ಅನ್ನ, ಇಡ್ಲಿ, ಬಾಳೆಹಣ್ಣು. ಚಿಕ್ಕ ತುತ್ತು, ಎರಡೂ ಬದಿಗೆ ಸಮನಾಗಿ ಅಗಿಯಿರಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಮೇಲೇಳುತ್ತದೆ. ಕಬ್ಬು ಸಿಗಿಯುವುದು, ನಿಪ್ಪಟ್ಟನ್ನು ಮುಂದಿನ ಹಲ್ಲಿನಲ್ಲಿ ಮುರಿಯುವುದು ಎಂದಿಗೂ ಬೇಡ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಕೊಬ್ಬರಿ ಚೂರನ್ನು, ಸಕ್ಕರೆ ಅಚ್ಚನ್ನು ಬಿಟ್ಟುಬಿಡಿ. ಎಳ್ಳು ತಳದಡಿ ಸೇರಿ ಒತ್ತಿದರೆ ಬಾಯಿ ಮುಕ್ಕಳಿಸಿ.

ವಸಡು ಕೆಂಪಾಗಿ ಹುಣ್ಣಾದರೆ ವೈದ್ಯರು ತಳವನ್ನು ಅಲ್ಲಿ ಚೂರು ಉಜ್ಜಿದರೆ ಸಾಕು. ಹೋಗುವ ಮುನ್ನ ಕೆಲವು ಗಂಟೆ ಸೆಟ್ ಹಾಕಿಕೊಂಡೇ ಇರಿ, ಒತ್ತುವ ಜಾಗದ ಗುರುತು ಆಗ ಕಾಣುತ್ತದೆ. ಮನೆಯಲ್ಲಿ ಅರ, ಸ್ಯಾಂಡ್‌ಪೇಪರ್ ಹಿಡಿಯಬೇಡಿ.

ದಿನನಿತ್ಯದ ಆರೈಕೆ

ಸೆಟ್ಟನ್ನು ಬೆರಳಿನಿಂದ ಒತ್ತಿ ಕೂರಿಸಿ. ಕಚ್ಚಿ ಕೂರಿಸಿದರೆ ಕೊಕ್ಕೆ ಬಾಗುತ್ತದೆ. ತೊಳೆಯುವಾಗ ಸಿಂಕಿನಲ್ಲಿ ನೀರು ನಿಲ್ಲಿಸಿ ಅಥವಾ ಟವೆಲ್ ಹಾಸಿಕೊಳ್ಳಿ, ಜಾರಿದರೂ ಒಡೆಯದು. ಮೆದು ಬ್ರಷ್, ಸೌಮ್ಯ ಸೋಪಿನ ನೀರು ಸಾಕು. ಹಲ್ಲುಪುಡಿಯ ಉಜ್ಜುವಿಕೆ ಅಕ್ರಿಲಿಕ್ಕಿಗೆ ಗೀರು ಮಾಡುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಬಿಸಿನೀರು ತಳವನ್ನು ತಿರುಚುತ್ತದೆ. ಲೋಹದ ಸೆಟ್‌ಗೆ ಬ್ಲೀಚ್ ತಾಗಿಸಬೇಡಿ.

ರಾತ್ರಿ ತೆಗೆದಿಟ್ಟು ಮಲಗಬೇಕು, ಇದನ್ನು ಮರೆಯಬೇಡಿ. ಹಗಲುರಾತ್ರಿ ಹಾಕಿಕೊಂಡೇ ಇದ್ದರೆ ತಳದಡಿಯ ವಸಡು ಶಿಲೀಂಧ್ರ ಹತ್ತಿ ಕೆಂಪೇರುತ್ತದೆ. ತಣ್ಣೀರಿನ ಡಬ್ಬಿಯಲ್ಲಿ ಮುಳುಗಿಸಿಡಿ, ಒಣಗಿಸಬೇಡಿ. ಆಮೇಲೆ ಕೊಕ್ಕೆ ಹಿಡಿದಿದ್ದ ಹಲ್ಲುಗಳನ್ನು ಸುತ್ತಲೂ ಬ್ರಷ್‌ನಿಂದ ಉಜ್ಜಿ. ಕೊಕ್ಕೆಯಡಿ ಸಿಕ್ಕ ಅನ್ನದ ಅಗುಳು ಅಲ್ಲೇ ಹುಳುಕು ಹಿಡಿಸುತ್ತದೆ, ಮೊದಲು ಹೋಗುವುದು ಅದೇ ಹಲ್ಲು.

ಒಂದೋ ಎರಡೋ ಹಲ್ಲಿನ ಚಿಕ್ಕ ಸೆಟ್ ಇರುವವರು ಹೆಚ್ಚು ಎಚ್ಚರವಾಗಿರಬೇಕು. ಅದು ಸಡಿಲವಾದರೆ ನಿದ್ದೆಯಲ್ಲಿ, ಊಟದಲ್ಲಿ ಗಂಟಲಿಗೆ ಜಾರಬಹುದು. ಸಾಮಾನ್ಯ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ನುಂಗಿದ ಅನುಮಾನ ಬಂದರೆ ಮನೆಮದ್ದು ಮಾಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಸೆಟ್ ಇದೆ ಎಂದು ಹೇಳಿ, ತೆಗೆದುಕೊಡಿ.

ಮೂಳೆ ಸವೆಯುತ್ತಲೇ ಇರುವುದರಿಂದ ಕೆಲವು ವರ್ಷಗಳಲ್ಲಿ ಸೆಟ್ ಸಡಿಲವಾಗುತ್ತದೆ. ತಳಕ್ಕೆ ಹೊಸ ಪದರ ಕೊಟ್ಟರೆ ಮತ್ತೆ ಕೂರುತ್ತದೆ. ಒಡೆದರೆ ಎಲ್ಲ ಚೂರುಗಳನ್ನೂ ಜೋಪಾನವಾಗಿ ತೆಗೆದುಕೊಂಡು ಹೋಗಿ. ಮನೆಯ ಅಂಟು ಹಾಕಿದರೆ ಚೂರುಗಳು ಮತ್ತೆ ಸರಿಯಾಗಿ ಕೂಡುವುದಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಿ.

ಊಟದ ನಡುವೆ ತೆಗೆದರೆ ಕಾಗದದಲ್ಲಿ ಸುತ್ತಿ ಎಲೆಯ ಪಕ್ಕ ಇಡಬೇಡಿ. ಅಮ್ಮ ಮದುವೆಯೊಂದರಲ್ಲಿ ಹಾಗೆ ಇಟ್ಟರು. ಪಾಯಸ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಸಾಲಿನ ಬಾಳೆಎಲೆಗಳನ್ನೆಲ್ಲ ಮಡಚಿ ಬುಟ್ಟಿಗೆ ಹಾಕಿಯಾಗಿತ್ತು. ನಾವಿಬ್ಬರೂ ಹಿತ್ತಲಿನಲ್ಲಿ ಕೂತು ಎಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಸೆಟ್ ಸಿಕ್ಕಿತು. ಮರುದಿನವೇ ಮುಚ್ಚಳವಿರುವ ಒಂದು ಪುಟ್ಟ ಡಬ್ಬಿ ತಂದೆ, ಅದು ಈಗ ಅಮ್ಮನ ಎಲೆಅಡಿಕೆ ಚೀಲದಲ್ಲೇ ಇರುತ್ತದೆ.