ಜಾನಿ ಕ್ಯಾಶ್ ಅವರ ಹಳೆಯ ಧ್ವನಿಮುದ್ರಣಗಳನ್ನು ಕೇಳುವ ಕ್ರಮ

ಅಮೆರಿಕದ ಗಾಯಕ ಜಾನಿ ಕ್ಯಾಶ್ ಅವರನ್ನು ಹೊಸದಾಗಿ ಕೇಳುವವರು ಆ ಗಂಭೀರ ಕಂಠಕ್ಕೆ ಮರುಳಾಗಿ ಹಿನ್ನೆಲೆಯತ್ತ ಗಮನ ಕೊಡುವುದೇ ಇಲ್ಲ. ಆದರೆ 1955ರಿಂದ 1958ರವರೆಗೆ ಮೆಂಫಿಸ್‌ನ ಸನ್ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ ಅವರು ಹಾಡಿದ ಹಾಡುಗಳ ಸೊಗಸು ಬಹುಪಾಲು ಅಡಗಿರುವುದು ವಾದ್ಯಗಳ ಮಿತಿಯಲ್ಲಿ. ಆದ್ದರಿಂದ ಮೊದಲು ಹಿನ್ನೆಲೆಯನ್ನೇ ಕೇಳಬೇಕು.

ಇದಕ್ಕೆ ಮೊಬೈಲಿನ ಸ್ಪೀಕರ್ ಸಾಲದು. ಕ್ಯಾಶ್ ತಂಡದ ಮಾರ್ಷಲ್ ಗ್ರಾಂಟ್ ಅವರ ಬೇಸ್ ವಾದ್ಯದ ನಾದ ಅದರಲ್ಲಿ ಕೇಳಿಸುವುದೇ ಕಷ್ಟ. ಸಕಲೇಶಪುರ, ಮೂಡಿಗೆರೆಗಳ ಕಡೆ ಆಷಾಢದ ಮಳೆ ಶೀಟಿನ ಮಾಡಿನ ಮೇಲೆ ಸುರಿಯುತ್ತಿರುವಾಗಲಂತೂ ಹೆಡ್‌ಫೋನ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಹಾಡನ್ನು ಆರಿಸುವಾಗ ವರ್ಷವನ್ನೂ ಸಂಸ್ಥೆಯ ಹೆಸರನ್ನೂ ನೋಡಿಕೊಳ್ಳಬೇಕು, ಏಕೆಂದರೆ ಕೊಲಂಬಿಯಾ ಸಂಸ್ಥೆಗೆ ಹೋದ ಮೇಲೆ ಕ್ಯಾಶ್ ತಮ್ಮ ಹಳೆಯ ಹಾಡುಗಳಲ್ಲಿ ಕೆಲವನ್ನು ಮತ್ತೆ ಹಾಡಿ ಮುದ್ರಿಸಿದ್ದಾರೆ.

ಮೊದಲಿಗೆ 1956ರ 'ಐ ವಾಕ್ ದ ಲೈನ್' ಕೇಳಿರಿ. ಲೂಥರ್ ಪರ್ಕಿನ್ಸ್ ಅವರ ಗಿಟಾರ್ ಮಂದ್ರದ ತಂತಿಗಳ ಮೇಲೆ ಬೆರಳೆಣಿಕೆಯ ಸ್ವರಗಳನ್ನಷ್ಟೇ ನುಡಿಸುತ್ತದೆ. ತಂಡದಲ್ಲಿ ಡ್ರಮ್ಸ್ ಇರಲಿಲ್ಲ. ಅದರ ಕೊರತೆಯನ್ನು ತುಂಬಲು ಕ್ಯಾಶ್ ತಮ್ಮ ಗಿಟಾರಿನ ತಂತಿಗಳ ನಡುವೆ ಕಾಗದವನ್ನು ಸಿಕ್ಕಿಸಿಕೊಂಡು ಮೀಟಿದರು. ಆ ಒಣ ಸರಪರ ಸದ್ದನ್ನು ಕಿವಿ ಒಮ್ಮೆ ಹಿಡಿದರೆ ಮತ್ತೆ ಬಿಡುವುದಿಲ್ಲ. ಪ್ರತಿ ಚರಣಕ್ಕೂ ಮುನ್ನ ಅವರು ಗುನುಗುವುದು ಅಲಂಕಾರಕ್ಕಲ್ಲ: ಚರಣದಿಂದ ಚರಣಕ್ಕೆ ಶ್ರುತಿ ಬದಲಾಗುವುದರಿಂದ ಹೊಸ ಶ್ರುತಿಯನ್ನು ಹಿಡಿಯಲು ಅದು ನೆರವಾಗುತ್ತಿತ್ತು. ಹಾಸನದ ಆಕಾಶವಾಣಿಯಲ್ಲಿ ಸುಗಮ ಸಂಗೀತ ಕೇಳುತ್ತ ಬೆಳೆದವರಿಗೆ, ಒಂದೇ ಆಧಾರಶ್ರುತಿಯಲ್ಲಿ ಹಾಡು ಮುಗಿಯುವುದು ಸಹಜವೆನಿಸುವ ಕಾರಣ, ಈ ಪಲ್ಲಟ ಮೊದಮೊದಲು ಕಸಿವಿಸಿ ಉಂಟುಮಾಡಬಹುದು. ಕೊನೆಯ ಚರಣದಲ್ಲಿ ಮೊದಲಿನ ಸಾಹಿತ್ಯವೇ ಮರಳುತ್ತದೆ, ಆದರೆ ಒಂದು ಸ್ಥಾಯಿ ಕೆಳಗೆ. ಅಲ್ಲಿ ಕಂಠ ನೆಲ ಮುಟ್ಟುವುದನ್ನು ಗಮನಿಸಿರಿ.

ಆ ಬಳಿಕ 'ಫೋಲ್ಸಮ್ ಪ್ರಿಸನ್ ಬ್ಲೂಸ್' ಹಾಡಿನ ಎರಡು ಮುದ್ರಣಗಳನ್ನು ಒಂದರ ಹಿಂದೆ ಒಂದರಂತೆ ಕೇಳಬೇಕು. 1955ರ ಸನ್ ಮುದ್ರಣ ಘಟ್ಟ ಹತ್ತುವ ಗೂಡ್ಸ್ ರೈಲಿನಂತೆ ಅವಸರವಿಲ್ಲದೆ ಸಾಗುತ್ತದೆ. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಸೆರೆಮನೆಯಲ್ಲಿ ಕೈದಿಗಳ ಮುಂದೆ ಹಾಡಿದಾಗ ಡಬ್ಲ್ಯು. ಎಸ್. ಹಾಲಂಡ್ ಅವರ ಡ್ರಮ್ಸ್ ಜೊತೆಗಿತ್ತು, ನಡೆಯೂ ಚುರುಕಾಗಿತ್ತು. ರೀನೋದಲ್ಲಿ ಒಬ್ಬನನ್ನು ಕೊಂದೆನೆಂಬ ಸಾಲಿನ ಬೆನ್ನಿಗೇ ಎದ್ದಂತೆ ಕೇಳುವ ಕೇಕೆಯನ್ನು ಸ್ಟುಡಿಯೋದಲ್ಲಿ ಅನಂತರ ಸೇರಿಸಲಾಯಿತು. ಅದನ್ನು ತಿಳಿದು ಕೇಳಿದರೂ ರಂಜನೆಯೇನೂ ಕಡಿಮೆಯಾಗುವುದಿಲ್ಲ, ಆದರೆ ನೇರ ಮುದ್ರಣವೆಂದರೆ ನಡೆದದ್ದರ ಯಥಾವತ್ ದಾಖಲೆ ಎಂಬ ನಂಬಿಕೆ ಸ್ವಲ್ಪ ಸಡಿಲವಾಗುತ್ತದೆ. ಲೂಥರ್ ಪರ್ಕಿನ್ಸ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡದ್ದರಿಂದ, ಅವರ ಗಿಟಾರನ್ನು ಇಲ್ಲಿ ಮತ್ತೊಮ್ಮೆ ಪ್ರತ್ಯೇಕವಾಗಿ ಕೇಳುವುದು ಯೋಗ್ಯ.

ತುತ್ತೂರಿಗಳ ಮೆರುಗಿನ 1963ರ 'ರಿಂಗ್ ಆಫ್ ಫೈರ್' ಎಷ್ಟೇ ಜನಪ್ರಿಯವಾಗಿದ್ದರೂ ಅದರಿಂದ ಆರಂಭಿಸುವುದು ನನ್ನ ಮಟ್ಟಿಗೆ ಸರಿಯಲ್ಲ. ಅದರ ಬದಲು ರಿಕ್ ರೂಬಿನ್ ನಿರ್ಮಿಸಿದ 1994ರ 'ಅಮೆರಿಕನ್ ರೆಕಾರ್ಡಿಂಗ್ಸ್' ಆಲ್ಬಮ್‌ಗೆ ಹೋಗಬಹುದು. ಅಲ್ಲಿ ಕಂಠ ಮತ್ತು ಗಿಟಾರ್ ಬಿಟ್ಟರೆ ಬೇರೇನೂ ಇಲ್ಲವೆನ್ನುವಷ್ಟು ವಿರಳ ಹಿನ್ನೆಲೆಯಿದೆ. 2002ರ 'ಹರ್ಟ್' ಹಾಡಿನ ಮೂಲಕ ಕ್ಯಾಶ್ ಅವರ ಪರಿಚಯವಾದವರು ಈ ಕ್ರಮವನ್ನು ತಿರುಗುಮುರುಗಾಗಿ ಅನುಸರಿಸಿದರೂ ಅಡ್ಡಿಯಿಲ್ಲ. 1956ರ ಮುದ್ರಣವನ್ನೂ 1994ರದನ್ನೂ ಒಂದೇ ದಿನ ಕೇಳಿದರೆ ಸಾಕು.